ಆಲಿಕಲ್ಲು ಬಲೆ ಕೊಳ್ಳಿ, ಢಂ ಅನ್ನುವ ತೋಪು ಬೇಡ: ಕಲಬುರಗಿ–ಬೀದರ್ ತೋಟಗಳಿಗೆ

ಅಂಗಡಿಯವರು ‘50 ಜಿಎಸ್‌ಎಂ’ (ಚದರ ಮೀಟರಿಗೆ 50 ಗ್ರಾಂ) ಅಂತ ಬಲೆಯ ಸುರುಳಿ ಮುಂದಿಟ್ಟರೆ ಮೊದಲು ತಕ್ಕಡಿಗೆ ಹಾಕಿಸಿ. 4 ಮೀಟರ್ ಅಗಲ, 50 ಮೀಟರ್ ಉದ್ದದ ಸುರುಳಿ 10 ಕಿಲೋ ತೂಗಬೇಕು. ಎಂಟಕ್ಕೇ ನಿಂತರೆ ಅದು 40ರ ಮಾಲು. ಆಮೇಲೆ ಸ್ಯಾಂಪಲ್ ತುಂಡಿನ ನಡುವೆ ಒಂದೇ ಒಂದು ಎಳೆ ಕತ್ತರಿಸಿ, ಎರಡೂ ಕೈಯಿಂದ ಜಗ್ಗಿ. ತೂತು ಅಲ್ಲೇ ನಿಂತರೆ ಹೆಣಿಗೆ ಗಟ್ಟಿ. ಸ್ವೆಟರ್ ಬಿಚ್ಚಿದ ಹಾಗೆ ಓಡಿದರೆ ವಾಪಸ್ ಕೊಡಿ. ಕಣ್ಣು 8 ಮಿ.ಮೀ. ಉದ್ದ, 3 ಮಿ.ಮೀ. ಅಗಲದ ಆಸುಪಾಸು ಇರಲಿ. ಹವಾಮಾನದವರ ಲೆಕ್ಕದಲ್ಲಿ 5 ಮಿ.ಮೀ. ಮುಟ್ಟಿದರಷ್ಟೇ ಆಲಿಕಲ್ಲು, ಅದು ಈ ಕಣ್ಣಿನಲ್ಲಿ ನುಸುಳುವುದಿಲ್ಲ.

ಬಣ್ಣದ ವಿಚಾರ ಜಾಸ್ತಿ ಇಲ್ಲ. ದ್ರಾಕ್ಷಿಗೆ ಬಿಳಿ, ನೆರಳು ಕಡಿಮೆ. ಬಿಸಿಲಿಗೆ ಕಾಯಿ ಸುಡುವ ದಾಳಿಂಬೆಗೆ ಕಪ್ಪು ನಡೆದೀತು, ಬಾಳಿಕೆಯೂ ಹೆಚ್ಚು.

ಬಲೆಯ ಗುಣಕ್ಕಿಂತ ಅದನ್ನು ಕಟ್ಟುವ ರೀತಿಯಲ್ಲೇ ಎಲ್ಲರೂ ಎಡವುವುದು. ಚಪ್ಪರದ ಹಾಗೆ ಚಪ್ಪಟೆ ಹಾಸಿದರೆ ಅಗ್ಗ, ಆದರೆ ಆಲಿಕಲ್ಲು ಮೇಲೆಯೇ ಕೂರುತ್ತದೆ. ಒಂದು ಗುಂಟೆ ಅಂದರೆ ಸುಮಾರು 100 ಚದರ ಮೀಟರ್. ಅದರ ಮೇಲೆ ಬರೀ 2 ಸೆಂ.ಮೀ. ದಪ್ಪ ಕೂತರೂ 2 ಘನ ಮೀಟರ್, ತೂಕ ಒಂದು ಟನ್ ಮೇಲೆ. ಬಲೆ ಜೋತು ತಂತಿ ಹರಿದು, ಕಂಬ ಬಳ್ಳಿಯ ಮೇಲೇ ಬೀಳುತ್ತದೆ. ಅದಕ್ಕೇ ಸಾಲಿನ ಮೇಲೆ ಮಾಡಿನಂತೆ ಇಳಿಜಾರು ಕೊಟ್ಟು, ಎರಡು ಸಾಲಿನ ನಡುವೆ ಬಲೆಯ ಅಂಚುಗಳನ್ನು ಒಂದು ಗೇಣು ಬಿಟ್ಟು ಪ್ಲಾಸ್ಟಿಕ್ ಕ್ಲಿಪ್ಪು, ರಬ್ಬರ್ ಹಗ್ಗದಿಂದ ಸೇರಿಸಬೇಕು. ಭಾರ ಬಿದ್ದಾಗ ರಬ್ಬರ್ ಹಿಗ್ಗಿ ಬಾಯಿ ತೆರೆಯುತ್ತದೆ, ಮಂಜುಗಡ್ಡೆ ದಾರಿಗೆ ಸುರಿಯುತ್ತದೆ, ಬಲೆ ಮತ್ತೆ ಮೇಲೇಳುತ್ತದೆ. ‘ಗಟ್ಟಿಯಾಗಿರಲಿ’ ಅಂತ ಅಲ್ಲಿ ಬೈಂಡಿಂಗ್ ತಂತಿ ಬಿಗಿದರೆ ಇಳಿಜಾರು ಕೊಟ್ಟೂ ದಂಡ.

ಇನ್ನು ಮಣ್ಣು. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ಅಗೆಯಲು ಹಾರೆ ಬೇಡುತ್ತದೆ, ಆದರೆ ಒಮ್ಮೆ ನೆಟ್ಟ ಕಂಬ ಅಲ್ಲಾಡುವುದಿಲ್ಲ. ಕಲಬುರಗಿಯ ಎರೆಭೂಮಿ ಅದಕ್ಕೆ ಉಲ್ಟಾ: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಎರಡೇ ವರ್ಷಕ್ಕೆ ತುದಿ ಕಂಬ ಒಳಗೆ ವಾಲುತ್ತದೆ. ತುದಿ ಕಂಬವನ್ನು ಮೊದಲೇ ಹೊರಗೆ ವಾಲಿಸಿ ನೆಟ್ಟು, ಅದರ ಎಳೆತಂತಿಯನ್ನು ಬಿರುಕು ಇಳಿಯದಷ್ಟು ಆಳದಲ್ಲಿ ಹೂತ ಶಹಾಬಾದ್ ಪರಸಿ ಕಲ್ಲಿಗೆ ಕಟ್ಟುವುದು ಸರಿ. ಕಬ್ಬಿಣದ ಗೂಟ ಬಿರುಕಿನಲ್ಲಿ ಸಡಿಲಾಗುತ್ತದೆ.

ವಾರಂಟಿ ಕಾರ್ಡಿನಲ್ಲಿ ಸಲ್ಫರ್ ಬಗ್ಗೆ ಏನಿದೆ ನೋಡಿ. ಬೂದಿ ರೋಗಕ್ಕೆ ಹೊಡೆಯುವ ಗಂಧಕ ಬಲೆಯೊಳಗಿನ ಬಿಸಿಲು ತಡೆಯುವ ರಾಸಾಯನಿಕವನ್ನೇ ಕೆಡಿಸುತ್ತದೆ. ಬಲೆ ಸುತ್ತಿಟ್ಟ ದಿನಗಳಲ್ಲೇ ಗಂಧಕ ಹೊಡೆದು ಮುಗಿಸಿದರೆ ಒಳ್ಳೆಯದು.

ಈಗ ತೋಪು, ಅಂದರೆ ಆಲಿಕಲ್ಲು ತಡೆಯಲೆಂದು ಮೋಡದತ್ತ ಸದ್ದು ಹಾರಿಸುವ ಫಿರಂಗಿ. ಮೇಲಕ್ಕೆ ಅಗಲವಾಗುತ್ತ ಹೋಗುವ ಶಂಕುವಿನಂಥ ಉದ್ದ ಬಾಯಿ, ಬುಡದಲ್ಲಿ ಅಸಿಟಲೀನ್–ಗಾಳಿ ಮಿಶ್ರಣ, ಕೆಲವು ಸೆಕೆಂಡಿಗೊಮ್ಮೆ ಢಂ. ಆ ಸದ್ದಿನ ಅಲೆ ಮೇಲೇರಿ ಆಲಿಕಲ್ಲನ್ನು ಕಟ್ಟಲು ಬಿಡುವುದಿಲ್ಲ ಅನ್ನುವುದು ಮಾರುವವರ ಮಾತು. ಆಲಿಕಲ್ಲು ಬೆಳೆಯುವುದು ಮೈನಸ್ 10 ಡಿಗ್ರಿಗಿಂತ ತಣ್ಣನೆಯ ಜಾಗದಲ್ಲಿ, ನೆಲದಿಂದ ಹಲವು ಕಿ.ಮೀ. ಮೇಲೆ, ಅಲ್ಲಿ ಹೆಪ್ಪುಗಟ್ಟದೇ ಉಳಿದ ಅತಿಶೀತ ನೀರಹನಿಗಳು ಹರಳಿಗೆ ಅಂಟುತ್ತ ಹೋಗುತ್ತವೆ. ಅದೇ ಮೋಡದ ಗುಡುಗು ಈ ತೋಪಿಗಿಂತ ಎಷ್ಟೋ ಪಟ್ಟು ಜೋರು, ಅದಕ್ಕೇ ಜಗ್ಗದ ಆಲಿಕಲ್ಲು ಇದಕ್ಕೆ ಜಗ್ಗುತ್ತದೆಯೇ? ಆಸ್ಟ್ರಿಯಾದಲ್ಲಿ 1896ರಲ್ಲಿ ದ್ರಾಕ್ಷಿ ಬೆಳೆಗಾರ ಆಲ್ಬರ್ಟ್ ಸ್ಟಿಗರ್ ಇದನ್ನು ಶುರುಮಾಡಿದರು. ಕೆಲವೇ ವರ್ಷಗಳಲ್ಲಿ ಅಲ್ಲಿಯೂ ಇಟಲಿಯಲ್ಲೂ ನಡೆದ ಸರ್ಕಾರಿ ಪರೀಕ್ಷೆಗಳಲ್ಲಿ ತೋಪು ಸೋತಿತು. ತೋಪು ನೋಡುವ ಆಸೆಯಿದ್ದರೆ ಕಲಬುರಗಿ ಕೋಟೆಯಲ್ಲಿ ಬಾರಾ ಗಜ್ ತೋಪಿದೆ.

ಮೋಡ ಬಿತ್ತನೆಗೆ ಕನಿಷ್ಠ ಒಂದು ತರ್ಕವಿದೆ. ಮೋಡದೊಳಗೆ ಚೆಲ್ಲುವ ಸಿಲ್ವರ್ ಅಯೋಡೈಡಿನ ಹರಳು ಮಂಜಿನ ಹರಳಿನಂತೆಯೇ ಇರುವುದರಿಂದ ಅತಿಶೀತ ಹನಿ ಅದರ ಮೇಲೆ ಹೆಪ್ಪುಗಟ್ಟುತ್ತದೆ. ಹರಳುಗಳ ಸಂಖ್ಯೆ ಹೆಚ್ಚಿಸಿದರೆ ಇದ್ದ ನೀರು ಹಂಚಿಹೋಗಿ ಎಲ್ಲವೂ ಸಣ್ಣದಾಗೇ ಉಳಿದು, ಬೀಳುವಾಗ ಕರಗಬೇಕು. ಆಲಿಕಲ್ಲಿನ ಅಡ್ಡಳತೆ ಇಮ್ಮಡಿಯಾದರೆ ಹೊಡೆತ ಸುಮಾರು 16 ಪಟ್ಟಾಗುತ್ತದೆ, ಹಾಗಾಗಿ ಸಣ್ಣದಾಗಿಸಿದರೂ ಲಾಭವೇ. ಆದರೆ ಅಮೆರಿಕದ ಕೊಲರಾಡೊದಲ್ಲಿ 1972–74ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ 1977–81ರಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಆಲಿಕಲ್ಲು ಕಡಿಮೆಯಾದದ್ದು ಸಾಬೀತಾಗಲಿಲ್ಲ. ಪಕ್ಕದ ಸೊಲ್ಲಾಪುರದಲ್ಲಿ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ 2018–19ರಲ್ಲಿ ಮಾಡಿದ ಬಿತ್ತನೆ ಮಳೆ ಹೆಚ್ಚಿಸುವುದಕ್ಕೆ, ಅದನ್ನು ತೋರಿಸಿ ಆಲಿಕಲ್ಲು ತಡೆಯುವ ಸೇವೆ ಮಾರಲು ಬಂದವರನ್ನು ನಂಬಬೇಡಿ.

ಜೋಳದ ಹೊಲಕ್ಕೆ ಬಲೆ ಲೆಕ್ಕಕ್ಕೆ ಬರುವುದಿಲ್ಲ, ಹೇಳಬೇಕಾದದ್ದೂ ಇಲ್ಲ. ಆದರೆ ಹಣ್ಣಿಗೆ ಸಿಹಿ ಏರುವ ಫೆಬ್ರುವರಿ–ಮಾರ್ಚ್ ಹೊತ್ತಿಗೇ ಇಲ್ಲಿ ಆಣೆಕಲ್ಲು ಮಳೆ ಬರುತ್ತದೆ. 2014ರಲ್ಲಿ ಮಹಾರಾಷ್ಟ್ರಕ್ಕೂ ಉತ್ತರ ಕರ್ನಾಟಕಕ್ಕೂ ಬಡಿದದ್ದು ಅದೇ ಹೊತ್ತಿನಲ್ಲಿ. ಜನವರಿ ಕೊನೆಗೇ ಬಲೆ ಬಿಚ್ಚಿ ಹಾಸಿರಿ. ಮೇ ಮುಗಿಯುತ್ತಲೇ ತುದಿಗೆ ಸುತ್ತಿ, ಸುರುಳಿಗೆ ಬಟ್ಟೆಯ ಹೊದಿಕೆ ಹಾಕಿ. ಸುತ್ತಿಟ್ಟ ಬಲೆಯ ಹೊರ ಪದರ ಬಿಸಿಲಿಗೆ ಪುಡಿಯಾಗುತ್ತದೆ, ಒಳಗೆ ಇಲಿ ಗೂಡು ಕಟ್ಟಿದರೆ ಬಿಚ್ಚಿದಾಗ ಒಂದೇ ಸಾಲಿನಲ್ಲಿ ಹತ್ತಾರು ತೂತು.