ಆರ್ಡರ್ ಮೇಲೆ ಹೊಲಿಯೋದಾ, ಮೊದಲೇ ಹೊಲಿದಿಡೋದಾ?

ಮಕ್ಕಳು ಚಿಕ್ಕವರಿರುವಾಗ ಮನೆಯಲ್ಲೇ ಹೊಲಿಗೆ ಶುರು ಮಾಡುವುದಾದರೆ ಯಾವ ದಾರಿ ಒಳ್ಳೆಯದು ಎಂದು ಕೇಳಿದ್ದೀರಿ.

ದುಡ್ಡಿನ ವಿಷಯದಲ್ಲಿ ಆರ್ಡರ್ ಹಗುರ. ಮುಂಗಡ ತೆಗೆದುಕೊಂಡು ಅದರಲ್ಲೇ ಬಟ್ಟೆ ತರಬಹುದು. ಹೊಲಿದಿಟ್ಟು ಮಾರಿದರೆ ಬಂಡವಾಳ ಕಪಾಟಿನಲ್ಲೇ ಕೂತಿರುತ್ತದೆ.

ನಿಜವಾದ ಕಷ್ಟ ಸಮಯದ್ದು. ನಾಳೆ ಕೊಡಬೇಕು, ತೋಳು ಕೂರಿಸಿಲ್ಲ, ಇವತ್ತೇ ಮಗುವಿಗೆ ಜ್ವರ! ಹೊಲಿದಿಟ್ಟು ಮಾರುವವರಿಗೆ ಈ ಆತಂಕವಿಲ್ಲ. ಮಗು ಮಲಗಿದಾಗ ಒಂದಿಷ್ಟು, ಉಳಿದದ್ದು ಇನ್ಯಾವಾಗಲೋ. ಜಾಗ ಮಾತ್ರ ಜಾಸ್ತಿ ಬೇಕು. ಯಾವ ದಾರಿಯಾದರೂ ಸೂಜಿ, ಕತ್ತರಿ, ಗುಂಡಿಗೆ ಬೀಗ ಹಾಕಿ. ಪುಟ್ಟ ಮಕ್ಕಳು ಗುಂಡಿ ಬಾಯಿಗೆ ಹಾಕಿಕೊಂಡರೆ ಉಸಿರು ಕಟ್ಟಬಹುದು.

ನೋಡಿಕೊಳ್ಳಲು ಇನ್ನೊಬ್ಬರಿಲ್ಲದಿದ್ದರೆ ಸ್ವಲ್ಪ ಸ್ವಲ್ಪವೇ ಹೊಲಿದಿಟ್ಟು ಮಾರಿ. ದಿನಕ್ಕೆ 2 ಗಂಟೆ ಮಗು ಹಿಡಿಯುವವರಿದ್ದು, ಕೈಯಲ್ಲಿ ದುಡ್ಡು ಕಮ್ಮಿಯಿದ್ದರೆ ಆರ್ಡರ್ ತಗೊಳ್ಳಿ. ಗಡುವನ್ನು 3–4 ದಿನ ಜಾಸ್ತಿಯೇ ಹೇಳಿ.