ಮೆಲಿಟಾ ಮಾಶ್ಮನ್ ಪುಸ್ತಕ: ಹರೆಯದ ಮಕ್ಕಳಿರುವ ಮನೆಗೆ ತರಿಸಿಕೊಳ್ಳಿ

ಹಿಟ್ಲರನ ಕಾಲದ ಬಗ್ಗೆ ಬಂದ ಪುಸ್ತಕಗಳಿಗೆ ಲೆಕ್ಕವಿಲ್ಲ. ಆದರೆ ಅವನ ಹುಡುಗಿಯರ ಸಂಘದಲ್ಲಿ ನಾಯಕಿಯಾಗಿದ್ದವಳೇ ಕೂತು ಬರೆದದ್ದು ಅಪರೂಪ. ಮೆಲಿಟಾ ಮಾಶ್ಮನ್ ಇದನ್ನು ಜರ್ಮನ್‌ನಲ್ಲಿ ಪ್ರಕಟಿಸಿದ್ದು 1963ರಲ್ಲಿ. ಇಂಗ್ಲಿಷ್‌ನಲ್ಲಿ ‘ಅಕೌಂಟ್ ರೆಂಡರ್ಡ್’ ಅಂತ ಇದೆ. ಮುಂಬೈ ಫೋರ್ಟ್‌ನ ಫುಟ್‌ಪಾತ್ ಅಂಗಡಿಗಳಲ್ಲಿ ಸುಮ್ನೆ ಹುಡುಕಿ ಸುಸ್ತಾಗಬೇಡಿ, ಇ-ಪುಸ್ತಕ ಸಿಗುತ್ತದೆ. ನಾನು ಡೊಂಬಿವ್ಲಿ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಫೋನಿನಲ್ಲಿ ಓದಿ ಮುಗಿಸಿದೆ.

ಇಡೀ ಪುಸ್ತಕ ಒಂದು ಪತ್ರದ ರೂಪದಲ್ಲಿದೆ. ಶಾಲೆಯಲ್ಲಿ ಜೊತೆಗಿದ್ದ ಯಹೂದಿ ಗೆಳತಿಗೆ, ತಾನೇ ಸ್ನೇಹ ಕಡಿದುಕೊಂಡ ಆ ಗೆಳತಿಗೆ, ‘ನಾನು ಹೀಗೆ ಯಾಕಾದೆ’ ಅಂತ ಹೇಳುತ್ತಾ ಹೋಗುತ್ತಾಳೆ.

1933ರ ಜನವರಿ 30ರ ರಾತ್ರಿ, ಹಿಟ್ಲರ್ ಅಧಿಕಾರಕ್ಕೆ ಬಂದ ದಿನ, ಬರ್ಲಿನ್‌ನಲ್ಲಿ ಪಂಜಿನ ಮೆರವಣಿಗೆ. ಅಪ್ಪ ಅಮ್ಮನ ಜೊತೆ ನೋಡಲು ಹೋದವಳಿಗೆ ಆಗ 15 ವರ್ಷ. ಸಾಲಿನಲ್ಲಿದ್ದ ಒಬ್ಬ ಹೊರಗೆ ಬಂದು ರಸ್ತೆ ಬದಿಯವನಿಗೆ ಹೊಡೆದದ್ದನ್ನೂ ನೋಡುತ್ತಾಳೆ, ಏಟು ತಿಂದವನ ಮುಖದ ಮೇಲಿನ ರಕ್ತವನ್ನೂ ನೋಡುತ್ತಾಳೆ. ಭಯವಾಗುತ್ತದೆ. ಆದರೂ ತನ್ನ ವಯಸ್ಸಿನವರು ಪಂಜು ಹಿಡಿದು ನಡೆಯುವುದನ್ನು ಕಂಡು ತಾನೂ ಅಲ್ಲಿರಬೇಕು ಅನ್ನಿಸುತ್ತದೆ. ಕೆಲವೇ ವಾರಗಳಲ್ಲಿ ಮನೆಯಲ್ಲಿ ಹೇಳದೆ ಸಂಘ ಸೇರಿಬಿಡುತ್ತಾಳೆ. ಇದನ್ನು ಗಮನಿಸಿ: ಸಂಘ ಸೇರುವುದು ಎಲ್ಲರಿಗೂ ಕಡ್ಡಾಯವಾದದ್ದು 1939ರಲ್ಲಿ. ಇವಳನ್ನು ಯಾರೂ ಎಳೆದುಕೊಂಡು ಹೋಗಲಿಲ್ಲ.

ನನಗೆ ಜಾಸ್ತಿ ತಟ್ಟಿದ್ದು ಹುಡುಗಿಯರ ಶ್ರಮಸೇವೆ ಶಿಬಿರದ ಭಾಗ. ಹಳ್ಳಿಯ ಹುಡುಗಿ, ಕಾರ್ಖಾನೆಯ ಹುಡುಗಿ, ಕಾಲೇಜು ಓದಿದವಳು, ಎಲ್ಲರೂ ಒಂದೇ ಕಡೆ ಮಲಗಿ, ಒಂದೇ ಊಟ ಉಂಡು, ರೈತರ ಹೊಲದಲ್ಲಿ ದುಡಿಯುತ್ತಾರೆ, ಮೇಲು ಕೀಳು ಇಲ್ಲ, ಅದು ಅವಳಿಗೆ ನಿಜವಾಗಿ ಸಂತೋಷ ಕೊಟ್ಟಿದೆ, ಓದುವಾಗ ನಮಗೂ ಹಿತವಾಗಿಬಿಡುತ್ತದೆ. ಅಲ್ಲಿಯೇ ಇರುವುದು ಅಪಾಯ. ಆ ‘ಎಲ್ಲರೂ’ ಅನ್ನುವುದರಲ್ಲಿ ಅವಳ ಯಹೂದಿ ಗೆಳತಿ ಇಲ್ಲ. 1938ರ ನವೆಂಬರ್‌ನಲ್ಲಿ ಬರ್ಲಿನ್ ಬೀದಿಯಲ್ಲಿ ಯಹೂದಿಗಳ ಅಂಗಡಿಯ ಗಾಜು ಒಡೆದು ಬಿದ್ದದ್ದನ್ನು ಕಣ್ಣಾರೆ ಕಾಣುತ್ತಾಳೆ, ಏನೋ ಘೋರ ನಡೆದಿದೆ ಅಂತ ಗೊತ್ತಾಗುತ್ತದೆ, ತನಗೇ ಒಂದು ಸಮಾಧಾನ ಹೇಳಿಕೊಂಡು ಅದನ್ನು ಮನಸ್ಸಿನಿಂದ ತೆಗೆದು ಹಾಕುತ್ತಾಳೆ.

ಆಮೇಲೆ ಪೋಲೆಂಡ್. ಜರ್ಮನಿ ಕಸಿದುಕೊಂಡ ಪಶ್ಚಿಮ ಭಾಗದಲ್ಲಿ ಹುಡುಗಿಯರ ಇಂಥದ್ದೇ ಶಿಬಿರಕ್ಕೆ ಇವಳೇ ಮುಖ್ಯಸ್ಥೆ. ಪೋಲಿಷ್ ರೈತರನ್ನು ಮನೆಯಿಂದ ಹೊರಗೆ ಹಾಕುವಾಗ ಅವರು ಸಾಮಾನು ಒಯ್ಯದಂತೆ ಕಾವಲು ನಿಲ್ಲುವುದೂ ಅವಳ ಕೆಲಸ. ಹೊಸದಾಗಿ ಬರುವ ಜರ್ಮನ್ ಸಂಸಾರಕ್ಕೆ ಮನೆ ಸಿದ್ಧವಿರಬೇಕಲ್ಲ. ಕೂಸುಮರಿ ಕಟ್ಟಿಕೊಂಡು ಹೊರಟವರನ್ನು ನೋಡುತ್ತಾ ನಿಲ್ಲುವುದೂ ದೇಶಸೇವೆ ಅಂತ ನಂಬಿದ್ದಳು.

ಡೊಂಬಿವ್ಲಿಯ ನಮ್ಮ ಕನ್ನಡ ಓದುಗರ ಬಳಗದಲ್ಲಿ ಇದರ ಕಥೆ ಹೇಳಿದಾಗ ಧಾರವಾಡ ಕಡೆಯ ನಿವೃತ್ತ ಟೀಚರ್ ಒಬ್ಬರು ಹೇಳಿದ್ದು: “ಹುಡುಗ್ಯಾರಿಗೆ ಕ್ಯಾಂಪ್ ಅಂದ್ರ ಭಾಳ ಖುಷಿ ರೀ, ನಾನೂ ಕರಕೊಂಡು ಹೋಗೇನಿ. ಯಾರು ಬರಬಾರದು ಅಂತ ಹೇಳ್ತಾರೋ ಅದನ್ನ ಮೊದ್ಲ ಕೇಳಬೇಕು.” ಈ ಪ್ರಶ್ನೆ ಮಕ್ಕಳಿಗೆ ಬಾಯಿಪಾಠ ಆಗಬೇಕು ಅನ್ನಿಸಿತು.

ಕೊರತೆಯೂ ಇದೆ. ತನ್ನ ಮನಸ್ಸನ್ನು ಅಷ್ಟು ಬಗೆದು ನೋಡುವವಳು ಮನೆ ಕಳೆದುಕೊಂಡವರ ಬಗ್ಗೆ ಬರೆಯುವಾಗ ಬೇಗ ಮುಂದೆ ಹೋಗುತ್ತಾಳೆ. ‘ನಾನು ಹೇಗೆ ಕುರುಡಾದೆ’ ಅನ್ನುವುದಕ್ಕೆ ಪುಟಗಟ್ಟಲೆ, ಅವರಿಗೆ ಏನಾಯಿತು ಅನ್ನುವುದಕ್ಕೆ ಕೆಲವು ಸಾಲು. ಇದು ನನಗೆ ನೋವು ಕೊಟ್ಟಿತು, ಕೋಪವೂ ಬಂತು.

ಮುಂದೆ ಆಕೆ ನಮ್ಮ ದೇಶಕ್ಕೇ ಬಂದು ಆಧ್ಯಾತ್ಮಿಕ ಗುರು ಆನಂದಮಯಿ ಮಾ ಅವರ ಶಿಷ್ಯೆಯಾಗಿ ಹಲವು ವರ್ಷ ಇದ್ದಳು. ಮತ್ತೆ ಒಬ್ಬರ ಹಿಂದೆ ಹೋದಳಾ ಅಂತ ಬಳಗದಲ್ಲಿ ಕೆಲವರು ಕೇಳಿದರು. ನನಗೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಮನಸ್ಸಿಲ್ಲ. ಇಲ್ಲಿ ಯಾರ ಮನೆಯನ್ನೂ ಖಾಲಿ ಮಾಡಿಸಲಿಲ್ಲ, ಅಲ್ವಾ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಆ ಪೋಲಿಷ್ ಮನೆಗಳಿಗಾಗಿ. ಒಂಬತ್ತನೇ ತರಗತಿ ದಾಟಿದ ಮಕ್ಕಳಿಗೆ ಕೊಡಬಹುದು, ಆದರೆ ಒಬ್ಬರೇ ಓದಲು ಬಿಡಬೇಡಿ, ಶಿಬಿರದ ಭಾಗ ಬಂದಾಗ ಪಕ್ಕದಲ್ಲಿ ಕೂತು ಮಾತಾಡಿ.