ಟೊಮೆಟೊ ಕಸಿ ಕಲಿಸುವ ಕಿಟ್: ಕ್ಲಿಪ್ಪಿಗೆ ಪೂರ್ಣ ಅಂಕ, ಕೈಪಿಡಿಗೆ ಅರ್ಧ

ಮನೆಯಲ್ಲಿಯೇ ಟೊಮೆಟೊ ಸಸಿಗೆ ಕಸಿ ಕಟ್ಟಲು ಕಲಿಯುವವರಿಗೆಂದು ಮಾರಾಟವಾಗುವ ಕಿಟ್‌ಗಳಲ್ಲಿ ಒಂದನ್ನು ತರಿಸಿಕೊಂಡು, ಬಿತ್ತನೆಯಿಂದ ಫಸಲಿನವರೆಗೆ ಬಳಸಿ ನೋಡಿದ್ದೇನೆ. ಪೆಟ್ಟಿಗೆಯಲ್ಲಿ 1.5 ಮತ್ತು 2 ಮಿಲಿಮೀಟರ್ ಅಳತೆಯ ಸಿಲಿಕೋನ್ ಕ್ಲಿಪ್‌ಗಳು, ತೆಳು ಬ್ಲೇಡುಗಳು, ಪಾರದರ್ಶಕ ಮುಚ್ಚಳವುಳ್ಳ ಟ್ರೇ, ಬೇರುಸಸಿಗಾಗಿ (ಮಣ್ಣಿನ ರೋಗ ತಡೆಯುವ ಬೇರನ್ನು ಒದಗಿಸುವ ಬುಡದ ಸಸಿ) ಒಂದು ಪೊಟ್ಟಣ ಬೀಜ ಮತ್ತು ಒಂದು ಕಿರುಕೈಪಿಡಿ ಇವೆ. ಮೇಲೆ ಕೂರಿಸುವ ಕುಡಿಗೆ ಬೇಕಾದ ತಳಿಯ ಬೀಜವನ್ನು ನಾವೇ ಹೊಂದಿಸಿಕೊಳ್ಳಬೇಕು.

ಕಿಟ್‌ನಲ್ಲಿ ಮನಸ್ಸಿಗೆ ಹಿಡಿಸಿದ್ದು ಕ್ಲಿಪ್‌ಗಳು. ಹಿಂಬದಿಯ ಕಿವಿಗಳನ್ನು ಎರಡು ಬೆರಳಿನಿಂದ ಒತ್ತಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಎಳೆಯ ಕಾಂಡವನ್ನು ನಲುಗಿಸದೆ ಹಿಡಿದುಕೊಳ್ಳುತ್ತದೆ. ಬೇರುಸಸಿಯನ್ನು ಬೀಜದೆಲೆಗಳ (ಮೊಳಕೆಯಲ್ಲಿ ಮೊದಲು ಬಿಚ್ಚುವ ಜೋಡಿ ಎಲೆ) ಕೆಳಗೆ ಸುಮಾರು 45 ಡಿಗ್ರಿ ಓರೆಯಾಗಿ ಕತ್ತರಿಸಿ, ಅದೇ ಓರೆಯಲ್ಲಿ, ಅದೇ ದಪ್ಪದಲ್ಲಿ ಕತ್ತರಿಸಿದ ಕುಡಿಯನ್ನು ಅದರ ಮೇಲೆ ಕೂರಿಸಿದಾಗ, ಎರಡೂ ಸರಿಯಾಗಿ ಕೂಡಿವೆಯೇ ಎಂಬುದು ಕ್ಲಿಪ್ಪಿನ ಮೂಲಕವೇ ಕಾಣುತ್ತದೆ. ಕೂಡಿದ್ದರೆ ಗಾಯದ ಗೆರೆ ತೇವವಾಗಿ, ಹಸಿರಾಗಿ ಇರುತ್ತದೆ. ನಡುವೆ ಗಾಳಿ ಉಳಿದಿದ್ದರೆ ಬೆಳ್ಳಿ ಎಳೆಯಂಥ ಒಂದು ಹೊಳಪು ಕಾಣುತ್ತದೆ, ಆಗ ಬಿಚ್ಚಿ ಮತ್ತೆ ಕೂರಿಸಬಹುದು. ಕಾಂಡ ದಪ್ಪವಾದಂತೆ ಕ್ಲಿಪ್ ತಾನಾಗಿಯೇ ಸಡಿಲಗೊಂಡು ಕಳಚಿಕೊಳ್ಳುತ್ತದೆ. ಬೀಜದೆಲೆಗಳ ಕೆಳಗೆ ಕತ್ತರಿಸಬೇಕೆಂಬ ಕೈಪಿಡಿಯ ಸಲಹೆಯೂ ಸರಿಯಾದದ್ದೇ, ಏಕೆಂದರೆ ಆ ಎಲೆಗಳ ಕಂಕುಳನ್ನು ಉಳಿಸಿದರೆ ಬೇರುಸಸಿಯೇ ಚಿಗುರೊಡೆದು ಕುಡಿಯೊಡನೆ ಪೈಪೋಟಿಗಿಳಿಯುತ್ತದೆ.

ಆದರೆ ಕಸಿಯ ಅಳಿವು ಉಳಿವು ತೀರ್ಮಾನವಾಗುವುದು ಕತ್ತರಿಸಿದ ನಂತರದ ದಿನಗಳಲ್ಲಿ. ಕೈಪಿಡಿಯಾದರೋ ಬ್ಲೇಡು ಹಿಡಿಯುವ ಬಗೆಗೆ ಪುಟಗಟ್ಟಲೆ ಚಿತ್ರ ಹಾಕಿ, ಆ ದಿನಗಳನ್ನು ಒಂದೇ ಪ್ಯಾರಾದಲ್ಲಿ ಮುಗಿಸಿದೆ. ನೀರು ಸಾಗಿಸುವ ನಾಳಗಳು ಮತ್ತೆ ಕೂಡಿಕೊಳ್ಳುವವರೆಗೆ ಕುಡಿಗೆ ಬೇರಿನಿಂದ ನೀರು ಸಿಗುವುದಿಲ್ಲವಾದ್ದರಿಂದ, ಎಲೆಗಳು ನೀರು ಕಳೆದುಕೊಳ್ಳದಂತೆ ಶೇಕಡಾ 85ರಿಂದ 95ರಷ್ಟು ತೇವಾಂಶ, 22ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, ಮೊದಲ ಒಂದೆರಡು ದಿನ ಕತ್ತಲೆ, ಆಮೇಲೆ ಮಂದ ಬೆಳಕು, ಹೀಗೆ ಹಂತ ಹಂತವಾಗಿ ಒಂದು ವಾರದಿಂದ ಹತ್ತು ದಿನ ನೋಡಿಕೊಳ್ಳಬೇಕಾಗುತ್ತದೆ. ಇದಕ್ಕೆಂದೇ ಕೊಟ್ಟಿರುವ ಮುಚ್ಚಳದ ಗಾಳಿಕಿಂಡಿಯನ್ನು ಪೂರ್ತಿ ತೆರೆಯಬಹುದು ಇಲ್ಲವೇ ಪೂರ್ತಿ ಮುಚ್ಚಬಹುದು, ನಡುವಿನ ಹಂತವಿಲ್ಲ. ಮುಚ್ಚಳದ ಅಂಚಿಗೆ ಕಡ್ಡಿಯೊಂದನ್ನು ಒತ್ತುಕೊಟ್ಟು, ದಿನದಿನಕ್ಕೆ ಹೆಚ್ಚು ಹೊತ್ತು ತೆರೆದಿಡುವುದೇ ಉಳಿದ ದಾರಿ. ಕಸಿಗೆ ಮುನ್ನ ಬೇರುಸಸಿಗೆ ಧಾರಾಳವಾಗಿ ನೀರು ಹಾಕಿ ಎಂಬ ಸೂಚನೆಯನ್ನಂತೂ ಒಪ್ಪಲಾಗದು: ಬೇರಿನ ಒತ್ತಡಕ್ಕೆ ಕತ್ತರಿಸಿದ ಬಾಯಿಯಿಂದ ನೀರು ಉಕ್ಕಿ, ಕುಡಿಯನ್ನು ಮೇಲಕ್ಕೆ ತಳ್ಳಿಬಿಡುತ್ತದೆ.

ಬೀಜದ ಪೊಟ್ಟಣದ ಮೇಲೆ ‘ರೋಗನಿರೋಧಕ’ ಎಂದಷ್ಟೇ ಅಚ್ಚಾಗಿದೆ. ಯಾವ ರೋಗ ಎಂದು ಹೇಳದಿದ್ದರೆ ಆ ಮಾತಿಗೆ ಬೆಲೆಯಿಲ್ಲ. ಟೊಮೆಟೊವನ್ನು ಅದರ ಕಾಡು ಸಂಬಂಧಿಯೊಡನೆ ಸಂಕರಿಸಿ ಪಡೆದ ಮ್ಯಾಕ್ಸಿಫೋರ್ಟ್‌ನಂಥ ಬೇರುಸಸಿಗಳು ಫ್ಯುಸೇರಿಯಂ, ವರ್ಟಿಸಿಲಿಯಂ ಶಿಲೀಂಧ್ರಗಳಿಂದ ಬರುವ ಸೊರಗು ರೋಗವನ್ನೂ ಬೇರುಗಂಟು ಜಂತುವನ್ನೂ ತಡೆಯಲು ಹೆಸರಾದವು. ದುಂಡಾಣು, ಅಂದರೆ ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ ಬೇರೆಯೇ ಆದದ್ದು. ಅದಕ್ಕೆ ತೈವಾನಿನಲ್ಲಿರುವ ವಿಶ್ವ ತರಕಾರಿ ಕೇಂದ್ರ ಹವಾಯಿ 7996 ಎಂಬ ಟೊಮೆಟೊ ತಳಿಯನ್ನೂ ಇಜಿ 203 ಎಂಬ ಬದನೆ ತಳಿಯನ್ನೂ ಸೂಚಿಸಿದೆ. ಎಲೆಗೆ ಬರುವ ಅಂಗಮಾರಿಗೆ ಇವು ಯಾವುವೂ ಮದ್ದಲ್ಲ.

ಟೊಮೆಟೊ ಸಸಿಯನ್ನು ಕತ್ತಿನವರೆಗೆ ಹೂತು ನೆಡುವ ರೂಢಿ ಹಲವರಿಗಿದೆ. ಕಸಿ ಸಸಿಯನ್ನು ಹಾಗೆ ನೆಟ್ಟರೆ ಕುಡಿಯೇ ಮಣ್ಣಿಗೆ ಬೇರು ಬಿಟ್ಟು, ಮಣ್ಣಿನ ರೋಗ ನೇರವಾಗಿ ಕುಡಿಗೇ ತಗುಲುತ್ತದೆ, ಪಟ್ಟ ಶ್ರಮವೆಲ್ಲ ನೀರುಪಾಲಾಗುತ್ತದೆ. ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ ಎಂಬ ಈ ಎಚ್ಚರಿಕೆಗೆ ಕೈಪಿಡಿ ಮೀಸಲಿಟ್ಟಿರುವುದು ಕಡೆಯ ಪುಟದ ಒಂದು ಸಣ್ಣಕ್ಷರದ ಸಾಲನ್ನು.

ಕುಂಡಕ್ಕೆ ಪ್ರತಿಬಾರಿ ಹೊಸ ಮಿಶ್ರಣ ತುಂಬಿ ಬೆಳೆಯುವವರಿಗೆ ಈ ಕಿಟ್ ಬೇಕಾಗಿಯೇ ಇಲ್ಲ. ಒಂದೇ ಮಡಿಯಲ್ಲಿ ವರ್ಷವರ್ಷವೂ ಟೊಮೆಟೊ ಸೊರಗುತ್ತಿರುವವರು ಮೊದಲು ರೋಗ ಯಾವುದೆಂದು ಪತ್ತೆ ಮಾಡಿಸಿಕೊಂಡು, ಅದಕ್ಕೆ ತಕ್ಕ ಬೇರುಸಸಿಯ ಬೀಜವನ್ನೂ ಇದೇ ಬಗೆಯ ಕ್ಲಿಪ್‌ಗಳನ್ನೂ ಬಿಡಿಯಾಗಿ ಕೊಳ್ಳುವುದು ಲೇಸು. ಮುಚ್ಚಳಕ್ಕೆ ಯಾವುದಾದರೂ ಪಾರದರ್ಶಕ ಡಬ್ಬಿ ಸಾಕು.